ಭಾಷೆಯ ಮೊದಲ ಪಾಠ ಮತ್ತು ನಾಡಿನ ನಕ್ಷೆ: ಫ್ರೆಂಚ್ ತರಗತಿಯಿಂದ ಬಶೀರಾಬಾದಿನವರೆಗೆ

ಹೊಸ ಭಾಷೆಯೊಂದನ್ನು ಕಲಿಯಲು ಕುಳಿತ ವಿದ್ಯಾರ್ಥಿಗೆ ಮೊದಲ ವಾರದಲ್ಲಿಯೇ ಎರಡು ಪ್ರಶ್ನೆಗಳು ಎದುರಾಗುತ್ತವೆ: ನಿನ್ನ ಹೆಸರೇನು? ನಿನ್ನ ಊರು ಯಾವುದು? ಮೊದಲನೆಯ ಪ್ರಶ್ನೆಯ ಉತ್ತರ ಒಂದು ಪದದಲ್ಲಿ ಮುಗಿಯುತ್ತದೆ. ಎರಡನೆಯದು ಹಾಗಲ್ಲ. ಊರಿನ ಹೆಸರು ಹೇಳಿದೊಡನೆ ಅದರ ಹೊಳೆ, ಬೆಳೆ, ರೈಲು ನಿಲ್ದಾಣ, ಜಾತ್ರೆ, ನೆರೆಯವರ ಮಾತು ಎಲ್ಲವೂ ಹಿಂದೆ ಬಂದು ನಿಲ್ಲುತ್ತವೆ. ಆದುದರಿಂದ ಭೂಗೋಲ ಮತ್ತು ಸಂಸ್ಕೃತಿಗಳು ಭಾಷಾಪಾಠದ ಕೊನೆಗೆ ಅಂಟಿಸುವ ಅನುಬಂಧಗಳಲ್ಲ. ಅವು ಮೊದಲ ವಾಕ್ಯದೊಳಗೇ ಇರುತ್ತವೆ. ತೊಡಕಿರುವುದು ಮುಂದಿನ ಹೆಜ್ಜೆಯಲ್ಲಿ. ಪಠ್ಯಪುಸ್ತಕ ತೋರಿಸುವ ‘ಭಾಷೆಯ ನಾಡಿನ’ ನಕ್ಷೆಯಲ್ಲಿ ಕಲಿಯುವವನ ಊರೇ ಇಲ್ಲದಿದ್ದರೆ ಅಧ್ಯಾಪಕನು ಏನು ಮಾಡಬೇಕು?

ಈ ಪ್ರಶ್ನೆ ಇಬ್ಬರಿಗೆ ಸಂಬಂಧಿಸಿದ್ದು. ಕರ್ನಾಟಕದ ಕಾಲೇಜೊಂದರಲ್ಲಿ ಫ್ರೆಂಚನ್ನು ಭಾಷಾವಿಷಯವಾಗಿ ಆರಿಸಿಕೊಂಡ ವಿದ್ಯಾರ್ಥಿ ಒಬ್ಬ. ತೆಲಂಗಾಣದ ವಿಕಾರಾಬಾದ್ ಜಿಲ್ಲೆಯ ಬಶೀರಾಬಾದಿನಲ್ಲಿ ಕುಳಿತು ಕನ್ನಡ ಬರೆಯಲು ಕಲಿಯುವ ವಿದ್ಯಾರ್ಥಿ ಇನ್ನೊಬ್ಬ. ಮೊದಲನೆಯವನಿಗೆ ನಕ್ಷೆಯ ನಾಡು ತೀರ ದೂರ. ಎರಡನೆಯವನಿಗೆ ಅದು ಕೂಗಳತೆಯಲ್ಲಿದ್ದರೂ ಗೆರೆಯ ಆಚೆ. ಇಬ್ಬರ ಪಾಠಗಳನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಎರಡೂ ಸ್ಪಷ್ಟವಾಗುತ್ತವೆ.

೧. ಷಟ್ಕೋನದ ನಾಡು

ಫ್ರೆಂಚ್ ಪ್ರಾರಂಭಿಕ ಪಾಠಗಳು ಬಹುಮಟ್ಟಿಗೆ ಒಂದು ಆಕೃತಿಯಿಂದ ತೊಡಗುತ್ತವೆ. ಫ್ರಾನ್ಸಿನ ನಕ್ಷೆ ಆರು ಮೂಲೆಗಳ ಆಕಾರಕ್ಕೆ ಹತ್ತಿರವಿರುವುದರಿಂದ ಆ ದೇಶಕ್ಕೆ ‘ಷಟ್ಕೋನ’ ಎಂಬ ಅರ್ಥದ ಅಡ್ಡಹೆಸರೇ ಇದೆ. ಅದರೊಳಗೆ ಸೇನ್, ಲ್ವಾರ್, ಗಾರೋನ್, ರೋನ್ ನದಿಗಳು. ಆಗ್ನೇಯಕ್ಕೆ ಆಲ್ಪ್ಸ್, ನೈಋತ್ಯಕ್ಕೆ ಪಿರೆನೀಸ್ ಪರ್ವತಗಳು. ಕಲಿಯುವವನು ಗೆರೆ ಎಳೆದು ಬಣ್ಣ ತುಂಬುತ್ತಾನೆ. ಪದಗಳೂ ಅದರೊಡನೆ ಮನಸ್ಸಿನಲ್ಲಿ ನಿಲ್ಲುತ್ತವೆ.

ಆದರೆ ಆಕೃತಿಗೆ ಒಂದು ಮಿತಿಯಿದೆ. ಗ್ವಾದಲೂಪ್, ಮಾರ್ಟಿನಿಕ್, ಗಯಾನ, ರಿಯೂನಿಯನ್, ಮಾಯೋತ್ ಎಂಬ ಸಾಗರೋತ್ತರ ಭಾಗಗಳು ಫ್ರಾನ್ಸಿಗೆ ಸೇರಿದ್ದರೂ ಷಟ್ಕೋನದ ಹೊರಗಿವೆ. ಫ್ರೆಂಚ್ ಭಾಷೆಯಂತೂ ಬೆಲ್ಜಿಯಂ, ಸ್ವಿಟ್ಜರ್ಲೆಂಡ್, ಕೆನಡದ ಕ್ವಿಬೆಕ್, ಆಫ್ರಿಕದ ಹಲವು ದೇಶಗಳಲ್ಲಿ ಹಬ್ಬಿದೆ. ಷಟ್ಕೋನದ ಒಳಗೂ ಬ್ರೆಟನ್, ಬಾಸ್ಕ್, ಆಕ್ಸಿಟನ್, ಆಲ್ಸೇಷಿಯನ್ ಮೊದಲಾದ ಬೇರೆ ಮಾತುಗಳಿವೆ. ದೇಶದ ಗಡಿ ಒಂದು, ಭಾಷೆಯ ಹರವು ಮತ್ತೊಂದು ಎಂಬ ಪಾಠವನ್ನು ಆರಂಭದಲ್ಲಿಯೇ ಹೇಳದಿದ್ದರೆ, ಚಂದದ ಆಕೃತಿಯೇ ವಿದ್ಯಾರ್ಥಿಯ ತಿಳಿವಳಿಕೆಗೆ ಬೇಲಿಯಾಗುತ್ತದೆ.

ಹೈದರಾಬಾದ್ ಸೀಮೆಯ ವಿದ್ಯಾರ್ಥಿಗೆ ಫ್ರಾನ್ಸ್ ತೀರ ಅಪರಿಚಿತವೂ ಅಲ್ಲ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ನಿಜಾಮನ ಸೇನೆಯನ್ನು ತರಬೇತುಗೊಳಿಸಿದ ಫ್ರೆಂಚ್ ಸೇನಾನಿ ರೇಮಂಡ್ 1798ರಲ್ಲಿ ತೀರಿಕೊಂಡನು. ಅವನ ಸಮಾಧಿ ಹೈದರಾಬಾದಿನಲ್ಲಿದೆ. ಮೂಸಾರಾಂಬಾಗ್ ಎಂಬ ಬಡಾವಣೆಯ ಹೆಸರಿನಲ್ಲಿ ‘ಮಸ್ಯೂ ರೇಮಂಡ್’ ಜನರ ಬಾಯಲ್ಲಿ ತಿರುಗಿ ಉಳಿದುಕೊಂಡಿದ್ದಾನೆ. ಪಾಂಡಿಚೇರಿ, ಕಾರೈಕಲ್, ಮಾಹೆ, ಯಾನಂ ಊರುಗಳ ಆಡಳಿತ ಫ್ರೆಂಚರಿಂದ ಭಾರತಕ್ಕೆ ಬಂದುದು 1954ರ ನವೆಂಬರ್ 1ರಂದು. ಪಾಠವನ್ನು ಪ್ಯಾರಿಸಿನ ಗೋಪುರದಿಂದಲೇ ಆರಂಭಿಸಬೇಕೆಂಬ ನಿಯಮವೇನೂ ಇಲ್ಲ, ಮೂಸಾರಾಂಬಾಗಿನಿಂದಲೂ ಆರಂಭಿಸಬಹುದು.

೨. ಗಡಿಯಲ್ಲಿ ಹುಟ್ಟಿದ ಎರಡು ಪಾಠಗಳು

ನಾಡನ್ನು ಭಾಷೆಯ ಮೂಲಕ ಕಲಿಸಿದ ಫ್ರಾನ್ಸಿನ ಅತ್ಯಂತ ಪ್ರಸಿದ್ಧ ಶಾಲಾಪುಸ್ತಕ ಹುಟ್ಟಿದ್ದು ಗಡಿಯ ನೋವಿನಿಂದ. 1871ರಲ್ಲಿ ಯುದ್ಧದಲ್ಲಿ ಸೋತ ಫ್ರಾನ್ಸ್ ಆಲ್ಸಾಸ್ ಪ್ರಾಂತವನ್ನೂ ಲೊರೇನಿನ ಒಂದು ಭಾಗವನ್ನೂ ಜರ್ಮನಿಗೆ ಬಿಟ್ಟುಕೊಡಬೇಕಾಯಿತು. 1877ರಲ್ಲಿ ‘ಇಬ್ಬರು ಮಕ್ಕಳ ಫ್ರಾನ್ಸ್ ಪ್ರವಾಸ’ ಎಂಬ ಅರ್ಥದ ಹೆಸರಿನ ವಾಚನಪುಸ್ತಕ ಪ್ರಕಟವಾಯಿತು. ಜಿ. ಬ್ರೂನೊ ಎಂಬ ಗುಪ್ತನಾಮದಲ್ಲಿ ಅದನ್ನು ಬರೆದವರು ಓಗುಸ್ತೀನ್ ಫುಯ್ಯೆ ಎಂಬ ಮಹಿಳೆ. ಗಡಿಯ ಆಚೆ ಹೋದ ಫಾಲ್ಸ್‌ಬೂರ್ ಪಟ್ಟಣದ ತಬ್ಬಲಿ ಸೋದರರಿಬ್ಬರು ತಮ್ಮ ಚಿಕ್ಕಪ್ಪನನ್ನು ಹುಡುಕುತ್ತ ದೇಶವನ್ನೆಲ್ಲ ಸುತ್ತುತ್ತಾರೆ. ಜೂರಾ ಬೆಟ್ಟಗಳಲ್ಲಿ ಗಿಣ್ಣು ಹೇಗಾಗುತ್ತದೆ, ಲಿಯೋನಿನಲ್ಲಿ ರೇಷ್ಮೆ ಹೇಗೆ ನೇಯ್ಗೆಯಾಗುತ್ತದೆ ಎಂಬುದು ಅವರ ದಾರಿಯ ಅನುಭವವಾಗಿ ಓದುಗನಿಗೆ ತಲಪುತ್ತದೆ. ನದಿಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವುದರ ಬದಲು ನದಿಯನ್ನು ದಾಟಿಸುವುದು ಈ ಪುಸ್ತಕದ ಬೋಧನಕ್ರಮ.

ಎರಡನೆಯದು ಅಲ್ಫೋನ್ಸ್ ದೋದೆಯ ‘ಕೊನೆಯ ಪಾಠ’ ಎಂಬ ಕಥೆ. 1873ರ ಸಂಕಲನದಲ್ಲಿ ಸೇರಿದ್ದು. ಹನ್ನೆರಡನೆಯ ತರಗತಿಯ ಇಂಗ್ಲಿಷ್ ಪಠ್ಯದ ಮೂಲಕ ಇದು ಭಾರತದ ಅನೇಕ ವಿದ್ಯಾರ್ಥಿಗಳಿಗೆ ಪರಿಚಿತ. ಆಲ್ಸಾಸಿನ ಹಳ್ಳಿಶಾಲೆಯಲ್ಲಿ ಫ್ರೆಂಚ್ ಬೋಧನೆ ನಿಂತುಹೋಗುವ ದಿನದ ದುಃಖವನ್ನು ಅದು ಮನಕಲಕುವಂತೆ ಹೇಳುತ್ತದೆ. ಆದರೆ ಕಥೆ ಹೇಳದೆ ಬಿಟ್ಟ ಸತ್ಯವೊಂದಿದೆ. ಆಗಿನ ಆಲ್ಸಾಸಿನ ಬಹುಪಾಲು ಹಳ್ಳಿಗರ ಮನೆಮಾತು ಜರ್ಮನ್ ಕುಲಕ್ಕೆ ಸೇರಿದ ಆಲ್ಸೇಷಿಯನ್. ಶಾಲೆಯ ಭಾಷೆ ಫ್ರೆಂಚಿನಿಂದ ಜರ್ಮನಿಗೆ ಬದಲಾದಾಗ ಆ ಮನೆಮಾತನ್ನು ಎರಡೂ ಪಕ್ಷದವರು ಕೇಳಲಿಲ್ಲ. ಗಡಿಯ ಮಗು ಒಂದೇ ಭಾಷೆಯಲ್ಲಿ ಬದುಕುತ್ತದೆ ಎಂದು ನಂಬುವ ಪಾಠ, ಎಷ್ಟು ಹೃದಯಸ್ಪರ್ಶಿಯಾಗಿದ್ದರೂ, ಅರ್ಧ ಪಾಠವೇ. ಬಶೀರಾಬಾದಿನ ತರಗತಿಗೆ ಹೋಗುವ ಅಧ್ಯಾಪಕನು ಈ ಎರಡು ಪುಸ್ತಕಗಳಿಂದ ಒಂದೊಂದು ಗುಣವನ್ನೂ ಒಂದೊಂದು ಎಚ್ಚರವನ್ನೂ ಪಡೆಯಬಹುದು.

೩. ಕದಲದ ಮನೆ, ಬದಲಾದ ನಕ್ಷೆ

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಹೈದರಾಬಾದ್ ರಾಜ್ಯದ ಗುಲ್ಬರ್ಗ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಿತು. ಆದರೆ ಅದರ ತಾಂಡೂರು ಮತ್ತು ಕೊಡಂಗಲ್ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು. ಬೀದರ್ ಜಿಲ್ಲೆಯಲ್ಲಿದ್ದ ನಾರಾಯಣಖೇಡ ತಾಲ್ಲೂಕು ಮತ್ತು ಜಹೀರಾಬಾದ್ ತಾಲ್ಲೂಕಿನ ಬಹುಭಾಗ ಮೆದಕ್ ಜಿಲ್ಲೆಗೆ ಹೋದವು. 2014ರಲ್ಲಿ ತೆಲಂಗಾಣ ರಾಜ್ಯವೂ 2016ರಲ್ಲಿ ವಿಕಾರಾಬಾದ್, ಸಂಗಾರೆಡ್ಡಿ ಜಿಲ್ಲೆಗಳೂ ಆದವು. ತಾಂಡೂರಿನ ಒಂದು ಮನೆಯಲ್ಲಿ ಅಜ್ಜಿ ಹುಟ್ಟಿದ್ದು ಹೈದರಾಬಾದ್ ಸಂಸ್ಥಾನದಲ್ಲಿ, ತಾಯಿ ಹುಟ್ಟಿದ್ದು ಆಂಧ್ರಪ್ರದೇಶದಲ್ಲಿ, ಮಗು ಹುಟ್ಟಿದ್ದು ತೆಲಂಗಾಣದಲ್ಲಿ ಎಂದಾಗಬಹುದು. ಮನೆ ಮಾತ್ರ ಕದಲಿಲ್ಲ. ಅಜ್ಜಿಯ ಕನ್ನಡ, ಶಾಲೆಯ ತೆಲುಗು, ಪೇಟೆಯ ಉರ್ದು ಮೂರೂ ಒಂದೇ ಅಂಗಳದಲ್ಲಿವೆ.

ಈ ಮಗುವಿನ ಮುಂದೆ ಇಂದಿನ ಕರ್ನಾಟಕದ ನಕ್ಷೆಯನ್ನು ಹಿಡಿದು ‘ಇದು ಕನ್ನಡದ ನಾಡು’ ಎಂದರೆ, ಅದರ ಅಜ್ಜಿ ನಾಡಿನ ಹೊರಗಿನವಳಾಗುತ್ತಾಳೆ. ಪಾಠದಲ್ಲಿ ಪಣಕ್ಕಿರುವುದು ಇದೇ. ಮನೆಯ ಮಾತು ಮನೆಗೇ ಸಾಕು, ಓದುಬರಹಕ್ಕೆ ಅದು ಬೇರೆಯವರದು ಎಂದು ಮಗುವಿಗೆ ಒಮ್ಮೆ ಅನ್ನಿಸಿದರೆ ಮುಂದಿನ ತಲೆಮಾರಿಗೆ ಆ ಮಾತು ದಾಟುವುದು ಕಷ್ಟ.

ಇದಕ್ಕೆ ಪರಿಹಾರ ಕನ್ನಡದ ಪರಂಪರೆಯಲ್ಲಿಯೇ ಇದೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಕನ್ನಡನಾಡನ್ನು ಕಾವೇರಿ ಮತ್ತು ಗೋದಾವರಿ ನದಿಗಳ ನಡುವಿನದೆಂದು ಹೇಳುತ್ತದೆ. ಆ ಕೃತಿ ಹುಟ್ಟಿದ್ದು ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ. ಅವನ ರಾಜಧಾನಿ ಮಾನ್ಯಖೇಟ, ಎಂದರೆ ಇಂದಿನ ಸೇಡಂ ತಾಲ್ಲೂಕಿನ ಮಳಖೇಡ, ಕಾಗಿಣಾ ನದಿಯ ದಂಡೆಯಲ್ಲಿದೆ. ಕಾಗಿಣಾ ಹುಟ್ಟುವುದು ವಿಕಾರಾಬಾದಿನ ಅನಂತಗಿರಿ ಬೆಟ್ಟಗಳಲ್ಲಿ. ತಾಂಡೂರು, ಬಶೀರಾಬಾದ್ ಸೀಮೆಯನ್ನು ಹಾದು, ಮಳಖೇಡವನ್ನು ತಾಕಿ, ಭೀಮಾ ನದಿಯನ್ನು ಸೇರುತ್ತದೆ. ಕನ್ನಡದ ಮೊದಲ ಉಪಲಬ್ಧ ಗ್ರಂಥದ ಊರಿಗೆ ನೀರು ಹರಿದುಹೋಗುವುದು ಬಶೀರಾಬಾದಿನ ಕಡೆಯಿಂದಲೇ. ಈ ಒಂದು ಸಂಗತಿ ನಕ್ಷೆಯ ಅಂಚಿನಲ್ಲಿದ್ದ ವಿದ್ಯಾರ್ಥಿಯನ್ನು ಹೊಳೆಯ ಮೇಲ್ದಂಡೆಗೆ ತಂದು ನಿಲ್ಲಿಸುತ್ತದೆ.

ಅದೇ ಅನಂತಗಿರಿಯಲ್ಲಿ ಹುಟ್ಟುವ ಮೂಸಿ ಪೂರ್ವಕ್ಕೆ ತಿರುಗಿ ಹೈದರಾಬಾದನ್ನು ಹಾದು ಕೃಷ್ಣೆಗೆ ಸೇರುತ್ತದೆ. ಕಾಗಿಣಾ ಪಶ್ಚಿಮಕ್ಕೆ ಹೋಗಿ ಭೀಮೆಯ ಮೂಲಕ ಅದೇ ಕೃಷ್ಣೆಗೆ ಸೇರುತ್ತದೆ. ನಾರಾಯಣಖೇಡದ ಕಡೆಯ ಮಾಂಜ್ರಾ ಗೋದಾವರಿಗೆ ಹೋಗುತ್ತದೆ. ಗಡಿಗೆರೆಗಿಂತ ನೀರಿನ ದಾರಿಯನ್ನು ಬರೆಯಿಸುವುದು ಮೊದಲ ಪಾಠಕ್ಕೆ ಹೆಚ್ಚು ಒಪ್ಪುತ್ತದೆ. ಇದರಿಂದ ತೆಲಂಗಾಣದ ನಕ್ಷೆ ಸುಳ್ಳಾಗುವುದಿಲ್ಲ. ಆಡಳಿತದ ಗಡಿ ಆಡಳಿತಕ್ಕೆ. ಭಾಷೆಯ ಹರವು ಭಾಷೆಗೆ. ಫ್ರಾನ್ಸ್ 1790ರಲ್ಲಿ ಹಳೆಯ ಪ್ರಾಂತಗಳನ್ನು ಒಡೆದು ಹೊಸ ಜಿಲ್ಲೆಗಳನ್ನು ಮಾಡಿದಾಗ ಹೆಚ್ಚಿನವಕ್ಕೆ ನದಿ, ಬೆಟ್ಟಗಳ ಹೆಸರನ್ನೇ ಇಟ್ಟಿತು. ಅಲ್ಲಿ ನದಿಯ ಹೆಸರು ಹಳೆಯ ಪ್ರಾಂತದ ಅಭಿಮಾನವನ್ನು ಮರೆಸುವ ಸಾಧನ. ಕವಿರಾಜಮಾರ್ಗದಲ್ಲಿ ಅದು ಭಾಷೆಯ ನೆಲೆಯನ್ನು ಗುರುತಿಸುವ ಸಾಧನ. ಒಂದೇ ಸಾಧನ ಎರಡು ಉದ್ದೇಶಗಳಿಗೆ ಒದಗುವುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

೪. ನಕ್ಷೆಯಿಂದ ವಿಭಕ್ತಿಗೆ

ಭೂಗೋಲವನ್ನು ವ್ಯಾಕರಣದಿಂದ ಬೇರ್ಪಡಿಸಿ ಕಲಿಸುವುದು ಸಮಯದ ನಷ್ಟ. ಫ್ರೆಂಚಿನಲ್ಲಿ ‘ಅಲ್ಲಿ’ ಎಂಬ ಅರ್ಥಕ್ಕೆ ಸ್ಥಳನಾಮದ ಸ್ವರೂಪವನ್ನು ನೋಡಿ ಪದ ಬದಲಾಗುತ್ತದೆ. ಊರುಗಳಿಗೆ ‘ಆ’: ಆ ಪಾರೀ. ಸ್ತ್ರೀಲಿಂಗದ ದೇಶಗಳಿಗೆ ‘ಆಂ’: ಆಂ ಫ್ರಾಂಸ್. ಪುಲ್ಲಿಂಗದ ದೇಶಗಳಿಗೆ ಸಾಮಾನ್ಯವಾಗಿ ‘ಓ’: ಓ ಕನದಾ. ಹೀಗಾಗಿ ದೇಶಗಳ ಹೆಸರು ಕಲಿಯದೆ ಈ ನಿಯಮ ಬಾರದು. ನಿಯಮ ಕಲಿಯದೆ ದೇಶದ ಹೆಸರು ವಾಕ್ಯಕ್ಕೆ ಬಾರದು. ‘ನಾನು ಭಾರತದ ಬಶೀರಾಬಾದಿನಲ್ಲಿ ವಾಸಿಸುತ್ತೇನೆ’ ಎಂಬುದನ್ನು ಫ್ರೆಂಚಿನಲ್ಲಿ ಹೇಳುವಾಗ ಊರಿಗೆ ‘ಆ’, ಸ್ತ್ರೀಲಿಂಗವಾದ ಭಾರತಕ್ಕೆ ‘ಆಂ’ ಎರಡೂ ಒಂದೇ ವಾಕ್ಯದಲ್ಲಿ ಬರುತ್ತವೆ. ವಿದ್ಯಾರ್ಥಿಯ ಮೊದಲ ವಾಕ್ಯದಲ್ಲಿ ಅವನ ಊರೂ ಇರುತ್ತದೆ, ವ್ಯಾಕರಣವೂ ಇರುತ್ತದೆ.

ಕನ್ನಡದಲ್ಲಿ ಸಪ್ತಮಿ ಪ್ರತ್ಯಯ ‘ಅಲ್ಲಿ’ ಒಂದೇ ಆದರೂ ಅದಕ್ಕೆ ಮೊದಲು ಬರುವ ಆಗಮ ಬೇರೆ ಬೇರೆ. ಅಕಾರಾಂತ ಮಳಖೇಡಕ್ಕೆ ದಕಾರ: ಮಳಖೇಡದಲ್ಲಿ. ಇಕಾರಾಂತ ಕಲಬುರಗಿಗೆ ಯಕಾರ: ಕಲಬುರಗಿಯಲ್ಲಿ. ಉಕಾರಾಂತ ತಾಂಡೂರಿಗೆ ‘ಇನ’: ತಾಂಡೂರಿನಲ್ಲಿ. ಪಾರಸಿ ಮೂಲದ ‘ಆಬಾದ್’ ವ್ಯಂಜನಾಂತವಾದರೂ ಕನ್ನಡ ಅದನ್ನು ತಾಂಡೂರಿನ ಸಾಲಿಗೇ ಸೇರಿಸಿಕೊಂಡು ‘ಬಶೀರಾಬಾದಿನಲ್ಲಿ’ ಎನ್ನುತ್ತದೆ. ತೆಲುಗಿನಲ್ಲಿ ಇವೆಲ್ಲಕ್ಕೂ ಸಾಮಾನ್ಯವಾಗಿ ‘ಲೋ’ ಸಾಕು; ಉರ್ದುವಿನಲ್ಲಿ ‘ಮೇಂ’. ತೆಲುಗು ಶಾಲೆಯ ವಿದ್ಯಾರ್ಥಿ ಆಗಮವನ್ನು ಬಿಟ್ಟು ಬರೆದರೆ ಅದು ಅಸಡ್ಡೆಯಲ್ಲ, ಇನ್ನೊಂದು ಭಾಷೆಯ ನಿಯಮದ ಪಾಲನೆ. ಇನ್ನು ಮನೆಯಲ್ಲಿ ಕನ್ನಡವಾಡುವ ಮಗು ‘ತಾಂಡೂರಾಗ’, ‘ಮನ್ಯಾಗ’ ಎನ್ನುತ್ತದೆ. ಅದು ತಪ್ಪಲ್ಲ, ಉತ್ತರ ಕರ್ನಾಟಕದ ಸಹಜ ಸಪ್ತಮಿ. ‘ತಾಂಡೂರಾಗ ಎಂದು ಆಡುತ್ತೇವೆ, ತಾಂಡೂರಿನಲ್ಲಿ ಎಂದು ಬರೆಯುತ್ತೇವೆ’ ಎಂಬ ಒಂದು ಸಾಲು ಆಡುನುಡಿಯ ಮರ್ಯಾದೆಯನ್ನೂ ಬರಹದ ಶಿಸ್ತನ್ನೂ ಒಟ್ಟಿಗೆ ಕಾಯುತ್ತದೆ.

ಇದಕ್ಕೆ ಒಪ್ಪುವ ಸಾಧನವೆಂದರೆ ರೈಲುದಾರಿ. ವಾಡಿ–ಸಿಕಂದರಾಬಾದ್ ಮಾರ್ಗ 1874ರಲ್ಲಿ ತೆರೆಯಿತು. ವಿಕಾರಾಬಾದ್, ತಾಂಡೂರು, ಸೇಡಂ, ಚಿತ್ತಾಪುರ, ವಾಡಿ: ಈ ಹೆಸರುಗಳನ್ನು ಕರಿಹಲಗೆಯ ಮೇಲೆ ಸಾಲಾಗಿ ಬರೆದು, ಇಂದ, ಇಗೆ, ಅಲ್ಲಿ, ವರೆಗೆ ಎಂಬ ನಾಲ್ಕು ರೂಪಗಳನ್ನು ಬಳಸಿ ಪ್ರಯಾಣವನ್ನು ಹೇಳಿಸಿದರೆ, ಫುಯ್ಯೆಯ ಇಬ್ಬರು ಹುಡುಗರ ಕ್ರಮ ಬಶೀರಾಬಾದಿಗೆ ಬಂದಂತಾಯಿತು.

೫. ಸಂಸ್ಕೃತಿ ಪಟ್ಟಿಯಲ್ಲ, ನಡೆ

ಗೋಪುರ, ಗಿಣ್ಣು, ಸುಗಂಧದ್ರವ್ಯ ಎಂದು ಫ್ರೆಂಚ್ ಸಂಸ್ಕೃತಿಯನ್ನು ಪಟ್ಟಿ ಮಾಡಿದರೆ ವಿದ್ಯಾರ್ಥಿಗೆ ಅಂಗಡಿಯ ಕಿಟಕಿ ಕಂಡೀತೇ ಹೊರತು ಮನೆಯ ಬಾಗಿಲು ತೆರೆಯದು. ಅಂಗಡಿಗೆ ಕಾಲಿಟ್ಟವನು ಬೇಕಾದುದನ್ನು ಕೇಳುವ ಮೊದಲು ‘ಬೋಂಜೂರ್’ ಎನ್ನಬೇಕು, ಅಪರಿಚಿತರಿಗೆ ‘ತ್ಯು’ ಅಲ್ಲ ‘ವೂ’ ಬಳಸಬೇಕು ಎಂಬುದು ಸಂಸ್ಕೃತಿಯ ನಿಜವಾದ ಪಾಠ. ನೀನು–ನೀವು, ತೆಲುಗಿನ ನುವ್ವು–ಮೀರು, ಉರ್ದುವಿನ ತುಮ್–ಆಪ್ ಬಲ್ಲ ಗಡಿಯ ವಿದ್ಯಾರ್ಥಿಗೆ ಇದು ಹೊಸದಲ್ಲ; ‘ಬರ್ರಿ’ ಎಂಬ ಮಾತಿನ ಕೊನೆಯ ‘ರಿ’ ಏನು ಮಾಡುತ್ತದೆಂದು ಅವನಿಗೆ ತಿಳಿದಿದೆ. ಇಂಗ್ಲಿಷ್ ಒಂದನ್ನೇ ಬಲ್ಲವನಿಗಿಂತ ಅವನು ಇಲ್ಲಿ ಒಂದು ಹೆಜ್ಜೆ ಮುಂದಿದ್ದಾನೆ.

2022ರಲ್ಲಿ ಫ್ರಾನ್ಸಿನ ‘ಬಗೆಟ್’ ರೊಟ್ಟಿಯ ಕುಶಲತೆಗೆ ಯುನೆಸ್ಕೋದ ಪರಂಪರೆಯ ಪಟ್ಟಿಯಲ್ಲಿ ಸ್ಥಾನ ದೊರೆಯಿತು. ಅದೇ ವರ್ಷ ತಾಂಡೂರಿನ ತೊಗರಿಗೆ ಭೌಗೋಳಿಕ ಸೂಚಕದ ಮಾನ್ಯತೆ ಬಂದಿತು. ಕಲಬುರಗಿಯ ತೊಗರಿಗೆ ಅದು 2019ರಲ್ಲಿಯೇ ಬಂದಿದೆ. ಗಡಿಯ ಎರಡೂ ಕಡೆ ಒಂದೇ ಬೆಳೆ, ಎರಡು ಪತ್ರಗಳು. ಹಾಗೆಯೇ ನೆಲದಡಿಯ ಒಂದೇ ಸುಣ್ಣಗಲ್ಲು ಈಚೆ ಶಹಾಬಾದಿನ ಹೆಸರಿನಲ್ಲಿ, ಆಚೆ ತಾಂಡೂರಿನ ಹೆಸರಿನಲ್ಲಿ ಮನೆಗಳ ನೆಲಕ್ಕೆ ಹಾಸುಗಲ್ಲಾಗುತ್ತದೆ. ಜಹೀರಾಬಾದಿನ ಬಳಿಯ ಝರಾಸಂಗಮದ ಕೇತಕಿ ಸಂಗಮೇಶ್ವರನ ಸನ್ನಿಧಿಗೆ ಕರ್ನಾಟಕದಿಂದಲೂ ಭಕ್ತರು ಬರುತ್ತಾರೆ. ಹಲಗೆಯ ಒಂದು ಬದಿಗೆ ಬಗೆಟ್, ಇನ್ನೊಂದು ಬದಿಗೆ ಜೋಳದ ರೊಟ್ಟಿ ಬರೆದು, ಯಾವ ಕಾಳು, ಯಾರು ಮಾಡುತ್ತಾರೆ, ಯಾವಾಗ ತಿನ್ನುತ್ತಾರೆ ಎಂಬ ಮೂರು ಪ್ರಶ್ನೆ ಕೇಳಿದರೆ, ಫ್ರಾನ್ಸ್ ಸೋಜಿಗದ ನಾಡಾಗಿ ಉಳಿಯದೆ ನೆರೆಯ ಊರಿನಷ್ಟು ಸಮೀಪವಾಗುತ್ತದೆ.

೬. ಉಪಸಂಹಾರ

ಪ್ರಾರಂಭಿಕ ಭಾಷಾಪಾಠದಲ್ಲಿ ನಾಡನ್ನು ಕಲಿಸುವಾಗ ಮೂರು ಮಾತುಗಳು ನೆನಪಿನಲ್ಲಿರಬೇಕು. ಪಾಠ ಕಲಿಯುವವನು ನಿಂತ ನೆಲದಿಂದ ಹೊರಡಬೇಕು. ಪ್ರತಿಯೊಂದು ಭೂಗೋಲ ಸಂಗತಿಯೂ ಒಂದು ವಾಕ್ಯರೂಪವನ್ನು ಕೈಯಲ್ಲಿ ಹಿಡಿದು ಬರಬೇಕು. ಭಾಷೆಯ ಹರವನ್ನು ರಾಜ್ಯದ ಗಡಿಯೊಡನೆ ಒಂದಾಗಿಸಬಾರದು. ನಾಳೆ ಅಧ್ಯಾಪಕರಾಗಲಿರುವ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಗಡಿಯ ತರಗತಿಗೆ ಹೋದಾಗ ‘ನಿನ್ನ ಊರು ಯಾವುದು?’ ಎಂಬ ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾರೆ. ಬಂದ ಉತ್ತರಕ್ಕೆ ಹಲಗೆಯ ಮೇಲೆ ಸ್ಥಳವಿರುವಂತೆ ನಕ್ಷೆಯನ್ನು ಮೊದಲೇ ಬರೆದಿಟ್ಟುಕೊಳ್ಳುವುದು ಅವರ ಹೊಣೆ.

ಅಭ್ಯಾಸ

1. ಕಾಗಿಣಾ ನದಿಯ ದಾರಿಯನ್ನು ಅನಂತಗಿರಿಯಿಂದ ಭೀಮೆಯವರೆಗೆ ಬರೆದು, ದಂಡೆಯ ಊರುಗಳ ಹೆಸರಿಗೆ ಸಪ್ತಮಿ ಮತ್ತು ಚತುರ್ಥಿ ರೂಪಗಳನ್ನು ಕೊಡಿ.
2. ‘ಕವಿರಾಜಮಾರ್ಗ’ದ ನಾಡಿನ ಕಲ್ಪನೆಯನ್ನೂ 1956ರ ರಾಜ್ಯ ವಿಂಗಡಣೆಯನ್ನೂ ಹೋಲಿಸಿ ಒಂದು ಪುಟದ ಟಿಪ್ಪಣಿ ಬರೆಯಿರಿ.
3. ದೋದೆಯ ‘ಕೊನೆಯ ಪಾಠ’ವನ್ನು ಮನೆಯಲ್ಲಿ ಆಲ್ಸೇಷಿಯನ್ ಆಡುವ ಮಗುವಿನ ದೃಷ್ಟಿಯಿಂದ ಚರ್ಚಿಸಿ.
4. ತೆಲುಗು ಮಾತೃಭಾಷೆಯ ವಿದ್ಯಾರ್ಥಿಗಾಗಿ, ಅವನ ಊರಿನಿಂದ ಆರಂಭವಾಗುವ ಹತ್ತು ವಾಕ್ಯಗಳ ಕನ್ನಡ ಪಾಠವೊಂದನ್ನು ರಚಿಸಿ.