ಮೊಣಕಾಲೂರಿ ಕಳೆ ತೆಗೆಯುವಾಗ

ನವಲಗುಂದ, ಅಣ್ಣಿಗೇರಿ ಕಡೆಯ ಎರೆಹೊಲದಲ್ಲಿ ಉಳ್ಳಾಗಡ್ಡಿ, ಮೆಣಸಿನಗಿಡದ ಸಾಲು ಹಿಡಿದು ದಿನವಿಡೀ ಮೊಣಕಾಲೂರಿ ಕಳೆ ತೆಗೆಯುವವರು ನಿಮ್ಮ ಮನೆಯಲ್ಲೂ ಇರಬಹುದು. ಒಣಗಿದ ಎರೆಹೆಂಟೆಯೇನು ಕಲ್ಲಿಗಿಂತ ಮೆತ್ತಗಿರುವುದಿಲ್ಲ. ಮೊಣಕಾಲ ಚಿಪ್ಪಿನ ಮುಂದೆ, ಚರ್ಮದಡಿ ಒಂದು ತೆಳುವಾದ ದ್ರವಚೀಲವಿದೆ. ಒತ್ತಡ ಬಿದ್ದಷ್ಟೂ ಅದು ಊದಿಕೊಳ್ಳುತ್ತದೆ. ಹಳೆಯ ಗೋಣಿಚೀಲವನ್ನು ನಾಲ್ಕು ಮಡಿಕೆ ಮಾಡಿ ಮೊಣಕಾಲಡಿ ಹಾಕಿಕೊಳ್ಳಿ. ಕಾಲಿಗೆ ಬಿಗಿದು ಮಾತ್ರ ಕಟ್ಟಬೇಡಿ. ಮೊಣಕಾಲ ಹೊರಬದಿಯ ಎಲುಬಿನ ಬಳಿ ಹಾಯುವ ನರ ಅದುಮಿದರೆ ಪಾದ ಜೋಮುಗಟ್ಟಿ, ಮೇಲೆತ್ತಲಾಗದೆ ನೆಲಕ್ಕೆ ಎಡವುತ್ತದೆ. ಬಹಳ ಹೊತ್ತು ಕುಕ್ಕರುಗಾಲಿನಲ್ಲಿ ಕುಳಿತರೂ ಹೀಗಾಗಬಹುದು. ಆಗಾಗ ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ಊತ ಕಂಡರೆ ಕೆಲವು ದಿನ ಮೊಣಕಾಲೂರಬೇಡಿ. ಅದು ಕೆಂಪಾಗಿ, ಬಿಸಿಯಾಗಿ, ಜ್ವರವೂ ಬಂದರೆ ಒಳಗೆ ಕೀವಾಗಿರಬಹುದು. ಎಣ್ಣೆ ತಿಕ್ಕುತ್ತ ಸುಗ್ಗಿ ಮುಗಿಯಲೆಂದು ಕಾಯುವುದು ನಮ್ಮವರ ಹಳೆಯ ಚಾಳಿ. ಅದೇ ದಿನ ವೈದ್ಯರಿಗೆ ತೋರಿಸಿ.