26 ಅಂಕಿಗಳ ಉತ್ತರವನ್ನು ಪಾಟಿಯ ಮೇಲೆ ತಾಳೆ ನೋಡುವುದು



ಮೊದಲು ಈ ಸಂಖ್ಯೆ ನೋಡ್ರಿ:

1,89,47,66,81,77,99,54,26,46,27,73,730

ಇದರಲ್ಲಿ 26 ಅಂಕಿಗಳಿವೆ. ಬೆಂಗಳೂರಿನಲ್ಲಿ 1929ರಲ್ಲಿ ಹುಟ್ಟಿದ ಶಕುಂತಲಾ ದೇವಿಯವರು 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಬಾಯಿಲೆಕ್ಕದಿಂದ ಹೇಳಿದ ಉತ್ತರ ಇದು. ಅವರಿಗೆ ಕೊಟ್ಟ ಲೆಕ್ಕ:

76,86,36,97,74,870 × 24,65,09,97,45,779

ತೆಗೆದುಕೊಂಡ ಸಮಯ 28 ಸೆಕೆಂಡು! ಅಷ್ಟು ಬೇಗ ಗುಣಿಸಲು ನಮಗೆ ಬರುವುದಿಲ್ಲ. ಆದರೆ ಉತ್ತರವನ್ನು ತಾಳೆ ನೋಡಲು ನಮಗೂ ಬರ್ತದ. ನಾನು ಪಾಟಿಯ ಮೇಲೆ ಮಾಡಿ ನೋಡಿದೆ.

9ರ ತಾಳೆ: ಒಂದೇ ಅಂಕಿ ಉಳಿಯುವ ತನಕ ಅಂಕಿಗಳನ್ನು ಕೂಡಿಸಬೇಕು.
ಮೊದಲನೆಯ ಸಂಖ್ಯೆ: 78, 15, 6.
ಎರಡನೆಯ ಸಂಖ್ಯೆ: 74, 11, 2.
6 × 2 = 12, ಅಂದರೆ 1 + 2 = 3.
ಉತ್ತರ: 138, 12, 3. ತಾಳೆ ಆಯ್ತು!

ಕಾರಣ ಇಷ್ಟೆ. 10ರಲ್ಲಿ 9 ತೆಗೆದರೆ 1 ಉಳಿಯುತ್ತದೆ. 100ರಲ್ಲಿ 99 ತೆಗೆದರೂ 1. ಆದ್ದರಿಂದ ಅಂಕಿ ಯಾವ ಸ್ಥಾನದಲ್ಲಿದ್ದರೂ 9ರ ಲೆಕ್ಕದಲ್ಲಿ ಅದರ ಬೆಲೆ ಒಂದೇ.

11ರ ತಾಳೆ: ಒಂದು ಬಿಟ್ಟು ಒಂದು ಅಂಕಿ ಕೂಡಿಸಿ ಎರಡು ಗುಂಪು ಮಾಡಬೇಕು. ಅವುಗಳ ವ್ಯತ್ಯಾಸ 0 ಅಥವಾ 11 ಬಂದರೆ ಸಂಖ್ಯೆಯು 11ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಮೇಲಿನ ಎರಡನೆಯ ಸಂಖ್ಯೆಯಲ್ಲಿ ಒಂದು ಗುಂಪು 37, ಇನ್ನೊಂದೂ 37. ಹಾಗಾದರೆ ಉತ್ತರವೂ 11ರಿಂದ ಭಾಗವಾಗಲೇಬೇಕು, ಹೌದಲ್ರಿ? ಕೂಡಿಸಿದೆ: 69 ಮತ್ತು 69! ನನಗೆ ಬಹಳ ಖುಷಿಯಾಯಿತು.

ಕೊನೆಗೆ 0 ಇರುವುದರಿಂದ ಈ ಸಂಖ್ಯೆ 2 ಮತ್ತು 5ರಿಂದ ಭಾಗವಾಗುತ್ತದೆ. ಮೊತ್ತ 138 ಆದ್ದರಿಂದ 3ರಿಂದ ಭಾಗವಾಗುತ್ತದೆ, 9ರಿಂದ ಆಗುವುದಿಲ್ಲ. 2 × 3 × 5 × 11 = 330. ಆದ್ದರಿಂದ 330ರಿಂದಲೂ ಭಾಗವಾಗುತ್ತದೆ.

ಇದರಿಂದ ನಮಗೇನು ಉಪಯೋಗ ಅಂತ ಕೇಳಬಹುದು. ಮಾನ್ವಿ, ದೇವದುರ್ಗ ಕಡೆಯ ರೈತರು ಭತ್ತ, ಹತ್ತಿ ಮಾರಿ ಲೆಕ್ಕದ ಚೀಟಿ ತರ್ತಾರ. 38 ಕ್ವಿಂಟಲ್ ಭತ್ತ, ಕ್ವಿಂಟಲಿಗೆ 2,145 ರೂಪಾಯಿ ಅಂತ ಇಟ್ಟುಕೊಳ್ಳೋಣ. ಬರಬೇಕಾದದ್ದು 81,510. ಅವಸರದಲ್ಲಿ 81,150 ಅಂತ ಬರೆದರೆ 360 ರೂಪಾಯಿ ಹೋದಂಗ!

9ರ ತಾಳೆಯಲ್ಲಿ ಈ ತಪ್ಪು ಸಿಗುವುದಿಲ್ಲ. ಅಂಕಿಗಳು ಅವೇ, ಜಾಗ ಮಾತ್ರ ಬದಲು. 11ರ ತಾಳೆ ಮಾಡ್ರಿ. 2,145ರಲ್ಲಿ 2 + 4 = 6, 1 + 5 = 6. ಇದು 11ರಿಂದ ಭಾಗವಾಗುತ್ತದೆ. 81,150ರಲ್ಲಿ 8 + 1 + 0 = 9, 1 + 5 = 6. ವ್ಯತ್ಯಾಸ 3. ತಪ್ಪು ಸಿಕ್ಕಿತು!

ನೆನಪಿಡ್ರಿ: ತಾಳೆ ಆಗದಿದ್ದರೆ ಲೆಕ್ಕ ಖಂಡಿತ ತಪ್ಪು. ತಾಳೆ ಆದ ಮಾತ್ರಕ್ಕೆ ಖಂಡಿತ ಸರಿ ಅಂತಲ್ಲ. ಅದಕ್ಕೇ ಎರಡೂ ತಾಳೆ ನೋಡಬೇಕು.

ಈಗ ನಿಮಗೊಂದು ಲೆಕ್ಕ. 47 × 326 = 15,3_2. ಅಳಿಸಿಹೋದ ಅಂಕಿ ಯಾವುದು? ಗುಣಿಸದೆ ಹೇಳ್ರಿ ನೋಡೋಣ!