ಮುರಿದ ಕಾಲಿನ ನೋವು ಹೆಚ್ಚುತ್ತಿದೆಯೇ? ತಡಮಾಡದೆ ತಿಳಿಸಿ



ಮೊಣಕಾಲಿನ ಕೆಳಗಿನ ಎಲುಬು ಮುರಿದು ಆಸ್ಪತ್ರೆಗೆ ಬಂದವರಿಗಾಗಿ, ಅವರ ಹಾಸಿಗೆಯ ಪಕ್ಕದಲ್ಲಿ ರಾತ್ರಿಯಿಡೀ ಕೂರುವ ನಿಮಗಾಗಿ ಈ ಪಾಠ. ಎಲುಬು ಮುರಿದಾಗ ಎಲ್ಲರ ಗಮನ ಎಲುಬಿನ ಮೇಲೆಯೇ ಇರುತ್ತದೆ. ಎಲುಬು ಕೂಡಲು ತಿಂಗಳುಗಳ ಕಾಲಾವಕಾಶವಿದೆ. ಆದರೆ ಅದರ ಸುತ್ತಲಿನ ಸ್ನಾಯು ಮತ್ತು ನರಗಳಿಗೆ ರಕ್ತ ನಿಂತುಹೋದರೆ ಉಳಿಯುವುದು ಕೆಲವೇ ಗಂಟೆ. ಇದು ಏಕೆಂದು ತಿಳಿಯಲು ಕಾಲಿನ ಒಳರಚನೆಯನ್ನು ಸ್ವಲ್ಪ ನೋಡೋಣ.

ಕಾಲಿನೊಳಗಿನ ನಾಲ್ಕು ಅಂಕಣಗಳು

ಮೊಣಕಾಲಿನಿಂದ ಗಿಣ್ಣಿನವರೆಗೆ ಎರಡು ಎಲುಬುಗಳಿವೆ. ಮುಂಭಾಗದಲ್ಲಿ ಚರ್ಮದ ಕೆಳಗೇ ಕೈಗೆ ಸಿಗುವ ದಪ್ಪ ಎಲುಬು ಟಿಬಿಯಾ. ಹೊರಪಕ್ಕದ ತೆಳ್ಳಗಿನದು ಫಿಬುಲಾ. ಇವುಗಳ ಸುತ್ತಲಿನ ಸ್ನಾಯುಗಳನ್ನು ಗಟ್ಟಿಯಾದ ಪೊರೆಯೊಂದು ಸುತ್ತಿಕೊಂಡಿದೆ. ಅದೇ ಪೊರೆ ಗೋಡೆಯಂತೆ ಒಳಗೂ ಸಾಗಿ, ಹಳ್ಳಿಯ ಮನೆಯಲ್ಲಿ ಅಂಕಣಗಳಿರುವ ಹಾಗೆ, ಕಾಲನ್ನು ನಾಲ್ಕು ಭಾಗ ಮಾಡಿದೆ. ಜೊತೆಗಿರುವವರು ತಮ್ಮ ಕಾಲಿನ ಮೇಲೆ ಕೈಯಿಟ್ಟು ಇವನ್ನು ಗುರುತಿಸಬಹುದು.

1. ಮುಂದಿನ ಅಂಕಣ: ಹಿಮ್ಮಡಿ ಊರಿ ಪಾದವನ್ನು ಮೇಲೆತ್ತಿದಾಗ ಟಿಬಿಯಾದ ಹೊರಮಗ್ಗುಲಲ್ಲಿ ಗಟ್ಟಿಯಾಗುವ ಸ್ನಾಯು ಇಲ್ಲಿಯದು. ಪಾದ ಮತ್ತು ಬೆರಳುಗಳನ್ನು ಮೇಲೆತ್ತುವುದು ಇದರ ಕೆಲಸ. ಇಲ್ಲಿನ ನರ ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳಿನ ಸಂದಿಗೆ ಸ್ಪರ್ಶ ಕೊಡುತ್ತದೆ. ಇಲ್ಲಿನ ರಕ್ತನಾಳ ಪಾದದ ಮೇಲ್ಭಾಗಕ್ಕೆ ಇಳಿದು ಅಲ್ಲಿ ನಾಡಿಯಾಗಿ ಸಿಗುತ್ತದೆ.

2. ಹೊರಪಕ್ಕದ ಅಂಕಣ: ಅಂಗಾಲನ್ನು ಹೊರಕ್ಕೆ ಹೊರಳಿಸುವ ಸ್ನಾಯುಗಳು ಇಲ್ಲಿವೆ. ಪಾದದ ಮೇಲ್ಭಾಗದ ಬಹುಪಾಲು ಸ್ಪರ್ಶ ಇಲ್ಲಿನ ನರದಿಂದ.

3. ಹಿಂದಿನ ಹೊರಪದರದ ಅಂಕಣ: ತುದಿಗಾಲಲ್ಲಿ ನಿಂತಾಗ ಉಬ್ಬುವ ಮೀನಖಂಡ ಇದೇ. ಹಿಮ್ಮಡಿಯನ್ನು ಎತ್ತಿ ನಮ್ಮನ್ನು ಮುಂದಕ್ಕೆ ನಡೆಸುತ್ತದೆ.

4. ಹಿಂದಿನ ಒಳಪದರದ ಅಂಕಣ: ಬೆರಳುಗಳನ್ನು ಕೆಳಕ್ಕೆ ಮಡಚುವ ಸ್ನಾಯುಗಳು, ಅಂಗಾಲಿಗೆ ಸ್ಪರ್ಶ ಕೊಡುವ ನರ ಮತ್ತು ದೊಡ್ಡ ರಕ್ತನಾಳಗಳು ಇಲ್ಲಿ ಒಟ್ಟಿಗೆ ಸಾಗುತ್ತವೆ.

ಒಳಗೆ ಒತ್ತಡ ಏರಿದರೆ

ಈ ಪೊರೆ ರಬ್ಬರಿನಂತೆ ಹಿಗ್ಗುವುದಿಲ್ಲ. ಎಲುಬು ಮುರಿದಾಗ ಒಳಗೆ ರಕ್ತ ಸೋರಿ ಸ್ನಾಯು ಬಾತರೆ ಅಂಕಣದಲ್ಲಿ ಜಾಗ ಸಾಲದೆ ಒತ್ತಡ ಏರುತ್ತದೆ. ಆಗ ಸ್ನಾಯುವಿನೊಳಗಿನ ಕೂದಲೆಳೆಯಂಥ ರಕ್ತನಾಳಗಳು ಅದುಮಿಹೋಗುತ್ತವೆ. ಹೊರಗಿನಿಂದ ಬಿಗಿಯಾದ ಪ್ಲಾಸ್ಟರ್ ಅಥವಾ ಬಿದಿರಿನ ದಬ್ಬೆಯ ನಾಟಿ ಕಟ್ಟು ಇದ್ದರೆ ಅಪಾಯ ಇನ್ನೂ ಹೆಚ್ಚು. ಇದನ್ನು ವೈದ್ಯರು ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಎನ್ನುತ್ತಾರೆ. ಸುಮಾರು 6 ಗಂಟೆ ಹೀಗೇ ಕಳೆದರೆ ಸ್ನಾಯು ಮತ್ತು ನರಕ್ಕೆ ಮತ್ತೆ ಸರಿಪಡಿಸಲಾಗದ ಹಾನಿ ಆಗಬಹುದು. ಬಿಗಿ ಕಟ್ಟಿನಿಂದ ಸ್ನಾಯು ಸತ್ತು ಅಂಗ ಸೆಡೆತುಕೊಳ್ಳುವುದನ್ನು ಜರ್ಮನಿಯ ಶಸ್ತ್ರವೈದ್ಯ ರಿಚರ್ಡ್ ಫಾನ್ ಫೋಲ್ಕ್‌ಮನ್ 1881ರಲ್ಲೇ ವಿವರಿಸಿದ್ದರು.

ಇನ್ನೊಂದು ಮಾತು. ಮೊಣಕಾಲಿನ ಹೊರಪಕ್ಕ, ಸ್ವಲ್ಪ ಕೆಳಗೆ, ಫಿಬುಲಾದ ಗುಂಡು ತಲೆ ಕೈಗೆ ಸಿಗುತ್ತದೆ. ಮೊದಲ ಎರಡು ಅಂಕಣಗಳ ನರ ಅದರ ಕೆಳಗೆ, ಚರ್ಮಕ್ಕೆ ತೀರ ಹತ್ತಿರದಲ್ಲಿ ಬಳಸಿಕೊಂಡು ಬರುತ್ತದೆ. ಪ್ಲಾಸ್ಟರಿನ ಅಂಚು ಅಲ್ಲಿ ಒತ್ತಿದರೆ ಪಾದ ಜೋತುಬೀಳಬಹುದು. ಅಲ್ಲಿ ಒತ್ತುತ್ತಿದ್ದರೆ ತಿಳಿಸಿ.

ಈ ಲಕ್ಷಣಗಳನ್ನು ಗಮನಿಸಿ

ಮೊದಲ ಎರಡು ದಿನ ಹೆಚ್ಚಿನ ಎಚ್ಚರಿಕೆ ಬೇಕು.

• ಇಂಜೆಕ್ಷನ್, ಮಾತ್ರೆ ಕೊಟ್ಟರೂ ತಗ್ಗದೆ ಹೆಚ್ಚುತ್ತಲೇ ಹೋಗುವ ನೋವು.
• ಕಾಲಿನ ಬೆರಳನ್ನು ಮೆಲ್ಲಗೆ ಮೇಲಕ್ಕೆ ಅಥವಾ ಕೆಳಕ್ಕೆ ಬಾಗಿಸಿದರೆ ತಡೆಯಲಾರದ ನೋವು.
• ಕಾಲು ಕಲ್ಲಿನಂತೆ ಬಿಗಿಯಾಗುವುದು.
• ಬೆರಳ ಸಂದಿ ಅಥವಾ ಅಂಗಾಲು ಜುಮ್ಮೆನ್ನುವುದು, ಮರಗಟ್ಟುವುದು.
• ಬೆರಳು ಆಡಿಸಲಾಗದಿರುವುದು, ಬಿಳಿಚಿಕೊಳ್ಳುವುದು, ತಣ್ಣಗಾಗುವುದು.

ಕೊನೆಯ ಲಕ್ಷಣಗಳು ಬರುವವರೆಗೆ ಕಾಯಬೇಡಿ, ಅವು ತಡವಾಗಿ ಬರುವಂಥವು. ಬೆರಳು ಬೆಚ್ಚಗಿದೆ, ನಾಡಿ ಸಿಗುತ್ತಿದೆ ಎಂದು ಸಮಾಧಾನಪಡಬೇಡಿ. ದೊಡ್ಡ ರಕ್ತನಾಳ ಹರಿಯುತ್ತಿದ್ದರೂ ಸ್ನಾಯು ಒಳಗೆ ಸಾಯುತ್ತಿರಬಹುದು. ಚಿಕ್ಕ ಮಕ್ಕಳು ಹೇಳಲಾರರು, ಅಳು ನಿಲ್ಲದಿದ್ದರೆ ಅದೇ ಸೂಚನೆ. ಸಕ್ಕರೆ ಕಾಯಿಲೆಯಿಂದ ನರ ಮಂದವಾದವರಿಗೂ, ಸೊಂಟಕ್ಕೆ ಅರಿವಳಿಕೆ ಪಡೆದವರಿಗೂ ನೋವು ತಿಳಿಯದೇ ಹೋಗಬಹುದು.

ಏನು ಮಾಡಬೇಕು?

ತಕ್ಷಣ ಸಿಸ್ಟರ್ ಅಥವಾ ಡಾಕ್ಟರಿಗೆ ತಿಳಿಸಿ. ಮನೆಯಲ್ಲಿದ್ದರೆ ಬೆಳಗಾಗಲೆಂದು ಕಾಯದೆ ಹತ್ತಿರದ ಆಸ್ಪತ್ರೆಗೆ ಬನ್ನಿ. ಬಾವು ಇಳಿಯಲೆಂದು ಕಾಲನ್ನು ದಿಂಬಿನ ಮೇಲಿಡುವುದು ರೂಢಿ. ಆದರೆ ಈ ಲಕ್ಷಣಗಳು ಕಂಡಾಗ ಇನ್ನೂ ಮೇಲೆತ್ತಬೇಡಿ, ಎದೆಯ ಮಟ್ಟದಲ್ಲೇ ಇರಲಿ. ಎಣ್ಣೆ ತಿಕ್ಕಬೇಡಿ, ಶಾಖ ಕೊಡಬೇಡಿ. ಡಾಕ್ಟರು ನೋಡುವವರೆಗೆ ಊಟ ಕೊಡಬೇಡಿ; ಆಪರೇಷನ್ ಬೇಕಾಗಬಹುದು.

ಡಾಕ್ಟರು ಮೊದಲು ಪ್ಲಾಸ್ಟರ್ ಮತ್ತು ಒಳಗಿನ ಪಟ್ಟಿಯನ್ನು ಪೂರ್ತಿ ಬಿಡಿಸುತ್ತಾರೆ. ಅದರಿಂದ ಸಾಲದಿದ್ದರೆ ಚರ್ಮ ಮತ್ತು ಪೊರೆಯನ್ನು ಉದ್ದಕ್ಕೆ ಸೀಳಿ ಒತ್ತಡ ಬಿಡಿಸಬೇಕಾಗುತ್ತದೆ. ಆ ಗಾಯವನ್ನು ಬೇಕೆಂದೇ ಕೆಲವು ದಿನ ಹೊಲಿಯದೆ ಬಿಡುತ್ತಾರೆ. ನೋಡಿ ಗಾಬರಿಯಾಗಬೇಡಿ, ಕಾಲು ಉಳಿಸುವ ದಾರಿಯೇ ಅದು. ಬಾವು ಇಳಿದ ಮೇಲೆ ಹೊಲಿಗೆ ಹಾಕುತ್ತಾರೆ, ಕೆಲವೊಮ್ಮೆ ತೊಡೆಯ ಚರ್ಮ ತೆಗೆದು ಕೂರಿಸುತ್ತಾರೆ.

ಧರ್ಮಾಸ್ಪತ್ರೆಯಲ್ಲವೇ, ನಡುರಾತ್ರಿ ಹೇಗೆ ಕರೆಯುವುದು, ಬೈದರೇನು ಗತಿ ಎಂದು ಅನೇಕರು ಹಲ್ಲುಕಚ್ಚಿ ನೋವು ನುಂಗುತ್ತಾರೆ. ಹಾಗೆ ಮಾಡಬೇಡಿ. ಮಠದ ಅಂಗಳದಲ್ಲಿ ಅನ್ನ ದಾಸೋಹವಾದರೆ ಇಲ್ಲಿ ಆರೈಕೆಯೇ ದಾಸೋಹ. ನೀವು ಕರೆಯುವುದು ತೊಂದರೆಯಲ್ಲ. ಒಮ್ಮೆ ಕರೆದು ಬಂದು ನೋಡಿದಾಗ ಏನೂ ಆಗಿರದಿದ್ದರೆ ಎಲ್ಲರಿಗೂ ಸಂತೋಷವೇ. ಕರೆಯದೆ ಬೆಳಗಾದರೆ, ದುಡಿದು ಉಣ್ಣುವವನ ಕಾಲೇ ಹೋದೀತು.

ಎಲ್ಲರೂ ಮತ್ತೆ ತಮ್ಮ ಕಾಲ ಮೇಲೆ ನಡೆದು ಕಾಯಕಕ್ಕೆ ಮರಳಲಿ ಎಂಬುದೇ ನಮ್ಮ ಹಾರೈಕೆ.